ಹನ್ನೆರಡು ಮಂದಿಯ ಪರಿಚಯ

(ಬಾನುಲಿ ಭಾಷಣದ ಬರಹರೂಪ)

ಅಧ್ಯಾಪಕನಾದವನಿಗೆ ತನ್ನ ವಿದ್ಯಾರ್ಥಿಗಳ ಪರಿಚಯ ಚೆನ್ನಾಗಿ ಇರುತ್ತದೆಂದು ಜನ ತಿಳಿಯುತ್ತಾರೆ. ಆ ತಿಳಿವಳಿಕೆ ಅಷ್ಟೇನೂ ಸರಿಯಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿ ಕನ್ನಡ ಪಾಠ ಹೇಳಿದವನು ನಾನು. ವರ್ಷಕ್ಕೆ ಇನ್ನೂರು ಮುನ್ನೂರು ಮುಖಗಳು ನನ್ನೆದುರು ಕುಳಿತು ಎದ್ದುಹೋಗಿವೆ. ಅವರಲ್ಲಿ ಬಹುಮಂದಿಯನ್ನು ನಾನು ಬಲ್ಲದ್ದು ಹಾಜರಿ ಪುಸ್ತಕದ ಸಂಖ್ಯೆಯಿಂದ. ಮುಂದಿನ ಬೆಂಚಿನವರನ್ನು ಅವರ ಕೈಬರಹದಿಂದ. ಹಿಂದಿನ ಬೆಂಚಿನವರನ್ನು ಅವರು ಮಾಡುತ್ತಿದ್ದ ಗದ್ದಲದಿಂದ. ಹನ್ನೆರಡು ಮಂದಿಯನ್ನು ಮಾತ್ರ ಬೇರೊಂದು ಬಗೆಯಲ್ಲಿ ಬಲ್ಲೆ. ಅವರು ನಮ್ಮ ಕಾಲೇಜಿನ ಕಬಡ್ಡಿ ತಂಡದವರು. 1990ರ ಜನವರಿಯಲ್ಲಿ ನಾಲ್ಕು ದಿನ ನಾನು ಅವರೊಡನೆ ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗಿಬಂದೆ. ಇಂದು ನಾನು ಹೇಳಹೊರಟಿರುವುದು ಆ ಹನ್ನೆರಡು ಮಂದಿಯ ವಿಚಾರ, ಅವರ ಆಟದ ವಿಚಾರ, ಮತ್ತು ನನ್ನದೊಂದು ತಪ್ಪಿನ ವಿಚಾರ.

ಮೊದಲೇ ಹೇಳಿಬಿಡುತ್ತೇನೆ: ನನಗೂ ಆಟಕ್ಕೂ ಯಾವ ಸಂಬಂಧವೂ ಇರಲಿಲ್ಲ. ನಮ್ಮ ದೈಹಿಕ ಶಿಕ್ಷಣದ ಅಧ್ಯಾಪಕರು ಪ್ರವಾಸದ ಹಿಂದಿನ ದಿನ ಜ್ವರದಿಂದ ಮಲಗಿದರು. ತಂಡದೊಡನೆ ಒಬ್ಬ ಅಧ್ಯಾಪಕ ಹೋಗಲೇಬೇಕೆಂಬುದು ನಿಯಮ. ಆಗ ನನಗೆ ಮೂವತ್ತು ವಯಸ್ಸು, ಮದುವೆಯಾಗಿರಲಿಲ್ಲ. ಹೀಗಾಗಿ ಇಂಥ ಕೆಲಸಗಳೆಲ್ಲ ನನ್ನ ಪಾಲಿಗೇ ಬರುತ್ತಿದ್ದವು. ಪ್ರಾಚಾರ್ಯರು ಕರೆದು, ‘ವ್ಯವಸ್ಥಾಪಕರಾಗಿ ನೀವು ಹೋಗಿ’ ಎಂದರು. ನಾನು ಒಂದು ಚೀಲದಲ್ಲಿ ಎರಡು ಜೊತೆ ಬಟ್ಟೆ, ಇನ್ನೊಂದರಲ್ಲಿ ಮೂರು ಪುಸ್ತಕ ತುಂಬಿಕೊಂಡು ಬಸ್ಸು ಹತ್ತಿದೆ. ಆಟ ನಡೆಯುವಾಗ ಓದಬಹುದೆಂಬುದು ನನ್ನ ಎಣಿಕೆ.

ಬಸವಕಲ್ಯಾಣದಿಂದ ಹುಮನಾಬಾದಿಗೆ ದೂರ ಹೆಚ್ಚಿಲ್ಲ. ಸಸ್ತಾಪುರ ಬಂಗ್ಲಾದ ಬಳಿ ಪುಣೆ–ಹೈದರಾಬಾದಿನ ಹೆದ್ದಾರಿಯನ್ನು ಸೇರಿ, ರಾಜೇಶ್ವರವನ್ನು ದಾಟಿ, ಪೂರ್ವಕ್ಕೆ ಹೋದರಾಯಿತು. ಆದರೆ ಎರಡು ಊರುಗಳ ಸ್ವಭಾವ ಬೇರೆ. ಕಲ್ಯಾಣವು ಹನ್ನೊಂದನೆಯ ಶತಮಾನದ ನಡುವಿನಲ್ಲಿ ಒಂದನೆಯ ಸೋಮೇಶ್ವರನ ಕಾಲಕ್ಕೆ ಚಾಲುಕ್ಯರ ರಾಜಧಾನಿಯಾದದ್ದು, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರಾ’ವನ್ನು ಬರೆದ ನೆಲ, ಶರಣರು ಕೂಡಿದ ನೆಲ. ಇಲ್ಲಿಯವನು ಮಾತೆತ್ತಿದರೆ ಎಂಟುನೂರು ವರ್ಷ ಹಿಂದಕ್ಕೆ ಹೋಗುತ್ತಾನೆ. ಹುಮನಾಬಾದು ಹೆದ್ದಾರಿಯ ಊರು, ವ್ಯಾಪಾರದ ಊರು, ವೀರಭದ್ರೇಶ್ವರನ ಜಾತ್ರೆಯ ಊರು. ಮಗ್ಗುಲಲ್ಲಿಯೇ ಮಾಣಿಕಪ್ರಭುಗಳ ಮಾಣಿಕನಗರ. ಇಲ್ಲಿಯವನು ಮಾತೆತ್ತಿದರೆ ಇಂದಿನ ತೊಗರಿಯ ಧಾರಣೆಯಿಂದ ಆರಂಭಿಸುತ್ತಾನೆ. ಎರಡೂ ಊರುಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಬೀದರ ಜಿಲ್ಲೆಯೊಡನೆ ಕನ್ನಡ ನಾಡಿಗೆ ಸೇರಿದವು. ಆದುದರಿಂದ ಬಸ್ಸಿನಲ್ಲಿ ಕಿವಿಗೊಟ್ಟರೆ ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ ಐದೂ ಕೇಳಿಬರುತ್ತವೆ. ನಮ್ಮ ತಂಡದಲ್ಲಿಯೂ ತೆಲುಗೊಂದನ್ನು ಬಿಟ್ಟು ಉಳಿದ ನಾಲ್ಕೂ ಇದ್ದವು.

ಇಂಥ ತಂಡವನ್ನು ನಾವು ‘ಹವ್ಯಾಸಿ’ ತಂಡವೆನ್ನುತ್ತೇವೆ. ಈ ಶಬ್ದದ ವಿಷಯದಲ್ಲಿ ಎರಡು ಮಾತು ಹೇಳದೆ ಮುಂದೆ ಹೋದರೆ ಕನ್ನಡ ಮೇಷ್ಟರ ಚಟಕ್ಕೆ ಕುಂದು. ಇಂಗ್ಲಿಷಿನ ‘ಅಮೆಚೂರ್’ ಶಬ್ದದ ಬೇರು ಲ್ಯಾಟಿನಿನಲ್ಲಿ ಪ್ರೀತಿ ಎಂಬರ್ಥದ ಧಾತುವಿನಲ್ಲಿದೆ; ಹಣಕ್ಕಾಗಿ ಅಲ್ಲ, ಪ್ರೀತಿಗಾಗಿ ಮಾಡುವವನು ಎಂದು ಅದರ ತಾತ್ಪರ್ಯ. ನಮ್ಮ ‘ಹವ್ಯಾಸ’ಕ್ಕೆ ಇಂದು ಬಿಡುವಿನ ವೇಳೆಯ ಗೀಳು ಎಂಬ ತೆಳುವಾದ ಅರ್ಥ ಉಳಿದಿದೆ. ನೆರೆಯ ಮರಾಠಿಯಲ್ಲಿ ಇದೇ ಶಬ್ದಕ್ಕೆ ತೀವ್ರವಾದ ಹಂಬಲ, ಹಪಾಹಪಿ ಎಂಬ ಅರ್ಥವಿದೆ. ನಮ್ಮ ಗಡಿಯ ಹುಡುಗರಿಗೆ ಸಲ್ಲುವುದು ಆ ಮರಾಠಿಯ ಅರ್ಥವೇ. ಬೆಳಗಿನ ಐದಕ್ಕೆ ಎದ್ದು ಅಂಕಣಕ್ಕೆ ನೀರು ಚಿಮುಕಿಸಿ, ಕಲ್ಲು ಆರಿಸಿ, ಮಣ್ಣು ಸಡಿಲಿಸುವ ಕೆಲಸವನ್ನು ಬಿಡುವಿನ ಗೀಳೆಂದು ಯಾರು ಕರೆದಾರು?

ಆಟದ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಒಂದೇ ಉಸಿರಿನಲ್ಲಿ ಶತ್ರುವಿನ ನೆಲವನ್ನು ಹೊಕ್ಕು, ಮುಟ್ಟಿ, ಮರಳಿಬರುವ ಆಟ ಇಂಡಿಯಾ ದೇಶದ ಬಹುಭಾಗದಲ್ಲಿ ಇತ್ತು. ಮಹಾರಾಷ್ಟ್ರದವರು ಇದನ್ನು ಹುತುತು ಎಂದರು. ತಮಿಳರು ಚಡುಗುಡು ಎಂದರು. ಬಂಗಾಳದವರು ಹಾಡುಡು ಎಂದರು. ಊರಿಗೊಂದು ನಿಯಮವಿದ್ದ ಈ ಆಟಕ್ಕೆ ಕಟ್ಟುಪಾಡು ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. 1923ರಲ್ಲಿ ಬರೋಡೆಯಲ್ಲಿ ನಿಯಮಗಳನ್ನು ಅಚ್ಚುಮಾಡಿ ಅಖಿಲ ಭಾರತ ಪಂದ್ಯವನ್ನು ನಡೆಸಿದರು. 1936ರಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ಬರ್ಲಿನ್ ಒಲಿಂಪಿಕ್ಸ್ ಸಮಯದಲ್ಲಿ ಇದನ್ನು ಪರದೇಶದವರಿಗೆ ಆಡಿತೋರಿಸಿದರು. 1972ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಸಂಸ್ಥೆಯು ತನ್ನ ಹೆಸರಿನಲ್ಲಿಯೇ ‘ಅಮೆಚೂರ್’ ಎಂಬ ಶಬ್ದವನ್ನು ಇಟ್ಟುಕೊಂಡಿತು. ನಾವು ಹುಮನಾಬಾದಿಗೆ ಹೋದ ವರ್ಷವೇ, 1990ರಲ್ಲಿ, ಬೀಜಿಂಗಿನ ಏಷ್ಯನ್ ಕ್ರೀಡೆಗಳಲ್ಲಿ ಕಬಡ್ಡಿಗೆ ಮೊದಲ ಸಲ ಪದಕದ ಸ್ಥಾನ ದೊರೆತು ಭಾರತಕ್ಕೆ ಚಿನ್ನ ಬಂತು. ಮಹಿಳೆಯರ ಕಬಡ್ಡಿ ಅಲ್ಲಿಗೆ ಸೇರಲು 2010ರವರೆಗೆ ಕಾಯಬೇಕಾಯಿತು. ಹಣದ ಲೀಗು ಬಂದದ್ದು 2014ರಲ್ಲಿ. ಅದೇ ವರ್ಷ ಕಾರ್ಕಳದ ಕಡೆಯ ಮಮತಾ ಪೂಜಾರಿಯವರಿಗೆ ಅರ್ಜುನ ಪ್ರಶಸ್ತಿ ಸಂದಿತು. ನಮ್ಮ ಕಾಲೇಜಿನಲ್ಲಿ ಆಗ ಹುಡುಗಿಯರ ತಂಡದ ಮಾತನ್ನೇ ಯಾರೂ ಎತ್ತಿರಲಿಲ್ಲ ಎಂಬುದನ್ನು ನಾಚಿಕೆಯಿಂದಲೇ ನೆನೆಯುತ್ತೇನೆ.

ಅಂಕಣವು ಗಂಡಸರಿಗೆ 13 ಮೀಟರು ಉದ್ದ, 10 ಮೀಟರು ಅಗಲ. ನಡುವೆ ಒಂದು ಗೆರೆ. ಒಂದೊಂದು ಪಕ್ಷದಲ್ಲಿ ಹನ್ನೆರಡು ಮಂದಿ; ಕಣದಲ್ಲಿ ಏಳು, ಹೊರಗೆ ಐದು. ನಡುಗೆರೆಯಿಂದ 3.75 ಮೀಟರಿನ ಆಚೆಗೆ ಇನ್ನೊಂದು ಗೆರೆಯಿದೆ. ಅದಕ್ಕೆ ಬಾಲ್ಕ್ ಲೈನ್ ಎನ್ನುತ್ತಾರೆ. ದಾಳಿಗೆ ಹೋದವನು ಯಾರನ್ನಾದರೂ ಮುಟ್ಟದ ಪಕ್ಷದಲ್ಲಿ ಒಮ್ಮೆಯಾದರೂ ಈ ಗೆರೆಯನ್ನು ದಾಟಲೇಬೇಕು. ನಡುಗೆರೆಯ ಬಳಿ ಸುಳಿದಾಡಿ ಹಿಂದಿರುಗಿದ ಶೂರನಿಗೆ ಈ ಆಟದಲ್ಲಿ ಸ್ಥಾನವಿಲ್ಲ. ಹೋಗುವಾಗ ಉಸಿರು ಬಿಡದೆ ‘ಕಬಡ್ಡಿ, ಕಬಡ್ಡಿ’ ಎನ್ನುತ್ತಿರಬೇಕು. ಈಗ ಒಂದು ದಾಳಿಗೆ 30 ಸೆಕೆಂಡಿನ ಮಿತಿಯಿದೆ. ಅಂದು ನಮ್ಮ ಹುಡುಗರಿಗೆ ಎದೆಯಲ್ಲಿದ್ದ ಗಾಳಿಯೇ ಗಡಿಯಾರ.

ನಾನು ಈ ಹುಡುಗರನ್ನು ಅರಿತದ್ದು ಅವರು ನಿಲ್ಲುತ್ತಿದ್ದ ಜಾಗದಿಂದ. ಮೊದಲ ದಿನದ ಆಟದಲ್ಲಿ ನನ್ನ ಮಗ್ಗುಲಲ್ಲಿ ಕುಳಿತಿದ್ದವನು ಹನ್ನೆರಡನೆಯ ಆಟಗಾರ. ಕಣಕ್ಕೆ ಇಳಿಯುವ ಸಂಭವವೇ ಇಲ್ಲದವನು. ನಾನು ಪುಸ್ತಕ ತೆರೆದದ್ದನ್ನು ಕಂಡು ಅವನಿಗೆ ನೋವಾಗಿರಬೇಕು. ‘ಸರ್, ಆಟ ತಿಳಿಲಿಲ್ಲಂದ್ರ ನಾ ಹೇಳ್ತೀನ್ರಿ’ ಎಂದ. ಅಲ್ಲಿಂದ ನಾಲ್ಕು ದಿನ ಅವನು ಗುರು, ನಾನು ಶಿಷ್ಯ.

ಎರಡು ತುದಿಗಳಲ್ಲಿ ನಿಲ್ಲುವವರು ಮೂಲೆಯವರು, ಅಂದರೆ ಕಾರ್ನರಿನವರು. ದಾಳಿಗಾರನು ಬೆನ್ನು ತೋರಿಸುವ ಒಂದು ಕ್ಷಣಕ್ಕಾಗಿ ಇವರು ಕಾಯುತ್ತಾರೆ. ಸಿಕ್ಕೊಡನೆ ಹರಡನ್ನು ಹಿಡಿಯುತ್ತಾರೆ. ಹರಡು ಸಿಕ್ಕರೆ ಎಂಥ ಬಲಶಾಲಿಯೂ ಹೆಳವನೇ. ಬಲಮೂಲೆಯಲ್ಲಿ ಇದ್ದವನು ಎರೆಮಣ್ಣಿನ ಊರಿನ ರೈತನ ಮಗ. ಹಿಡಿದರೆ ಮಳೆಗಾಲದ ಎರೆಯಂತೆ ಅಂಟಿಕೊಳ್ಳುತ್ತಿದ್ದ. ಎಡಮೂಲೆಯವನು ಹಾಗಲ್ಲ. ಅವನು ಎಷ್ಟು ಹಿಂದಕ್ಕೆ ಸರಿದು, ಎಷ್ಟು ನಿರುಪದ್ರವಿಯಂತೆ ನಿಲ್ಲುತ್ತಿದ್ದನೆಂದರೆ ಎದುರಾಳಿ ಅವನನ್ನು ಮರೆತೇಬಿಡುತ್ತಿದ್ದ. ಮರೆತವನ ಕಾಲು ಮರುಗಳಿಗೆಯಲ್ಲಿ ಅವನ ಕೈಯಲ್ಲಿರುತ್ತಿತ್ತು. ನನ್ನ ತರಗತಿಯಲ್ಲಿಯೂ ಅವನು ಹಾಗೆಯೇ ಕುಳಿತಿರುತ್ತಿದ್ದನೆಂದು ಆಮೇಲೆ ನೆನಪಾಯಿತು. ಕಡೆಯ ಬೆಂಚು, ಗೋಡೆಯ ಬದಿ. ಬಂದಿದ್ದಾನೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಮೂಲೆಯವರ ಪಕ್ಕಕ್ಕೆ ‘ಇನ್’ ಎನ್ನಿಸಿಕೊಳ್ಳುವವರು. ಇವರು ಮೂಲೆಯವರ ಕೈ ಹಿಡಿದು ನಿಲ್ಲುತ್ತಾರೆ. ದಾಳಿಗೆ ಹೋಗುವವರು ಬಹುಶಃ ಇವರೇ. ನಮ್ಮ ಇಬ್ಬರು ದಾಳಿಗಾರರಲ್ಲಿ ಒಬ್ಬನು ಎತ್ತರದವನು. ಕೈ ಚಾಚಿದರೆ ಎದುರಿನವನ ಮೂಗಿಗೆ ಬೆರಳು ತಾಗುತ್ತಿತ್ತು. ಇನ್ನೊಬ್ಬನು ತಾಂಡಾದಿಂದ ಬಂದ ಗಿಡ್ಡ ಹುಡುಗ. ಅವನ ಕೈಯನ್ನು ನೋಡುತ್ತಿದ್ದವರಿಗೆ ಅವನ ಕಾಲಿನ ಹೆಬ್ಬೆರಳು ತಮ್ಮನ್ನು ಮುಟ್ಟಿದ್ದು ತಿಳಿಯುವ ಹೊತ್ತಿಗೆ ಅವನು ನಡುಗೆರೆಯ ಈಚೆಗಿರುತ್ತಿದ್ದ. ಎತ್ತರದವನು ಮಾತಿನ ಮಲ್ಲ. ಗಿಡ್ಡನು ಕಣದಲ್ಲಿ ‘ಕಬಡ್ಡಿ’ ಎಂಬುದೊಂದನ್ನು ಬಿಟ್ಟರೆ ದಿನಕ್ಕೆ ಹತ್ತು ಮಾತು ಆಡುತ್ತಿದ್ದನೋ ಇಲ್ಲವೋ. ಇಬ್ಬರೂ ಒಂದೇ ಕಂಬಳಿಯಲ್ಲಿ ಮಲಗುತ್ತಿದ್ದರು.

ಅದಕ್ಕೂ ಒಳಗೆ ಕವರಿನವರು ಇಬ್ಬರು. ಓಡಿಬರುವವನನ್ನು ಎದೆಯಿಂದ ತಡೆಯುವುದು, ಗೆರೆಯಾಚೆ ತಳ್ಳುವುದು, ಸರಪಳಿಯಂತೆ ಕೈಕೂಡಿಸಿ ಸುತ್ತುವರಿಯುವುದು ಇವರ ಕೆಲಸ. ಒಬ್ಬನೇ ಮುಂದೆ ನುಗ್ಗಿದರೆ ದಾಳಿಗಾರನಿಗೆ ಒಂದು ಅಂಕ ಉಡುಗೊರೆ ಕೊಟ್ಟಂತೆ. ಇಬ್ಬರೂ ಒಂದೇ ನಿಮಿಷದಲ್ಲಿ ನುಗ್ಗಬೇಕು. ನಮ್ಮ ಕವರಿನವರಲ್ಲಿ ಒಬ್ಬನ ಮನೆಮಾತು ಮರಾಠಿ, ಇನ್ನೊಬ್ಬನದು ಉರ್ದು. ಪರಸ್ಪರ ಯಾವ ಭಾಷೆಯಲ್ಲಿ ಸಂಕೇತ ಕೊಡುತ್ತೀರೆಂದು ನಾನು ಕುತೂಹಲದಿಂದ ಕೇಳಿದೆ. ಮರಾಠಿಯವನು ನನ್ನ ಮುಂಗೈಯನ್ನು ಹಿಡಿದು ಒಮ್ಮೆ ಮೆಲ್ಲಗೆ, ಒಮ್ಮೆ ಗಟ್ಟಿಯಾಗಿ ಅದುಮಿ ತೋರಿಸಿದ. ‘ಇಷ್ಟೇರಿ. ಮೆಲ್ಲಗಂದ್ರ ನಿಲ್ಲು, ಜೋರಂದ್ರ ಹೊಡಿ.’ ಐದು ಭಾಷೆಗಳ ಸೀಮೆಯಲ್ಲಿ ಇದೊಂದು ಆರನೆಯ ಭಾಷೆ. ಇದಕ್ಕೆ ವ್ಯಾಕರಣ ಬರೆದವರಿಲ್ಲ.

ನಟ್ಟನಡುವೆ ನಿಲ್ಲುವವನು ಸೆಂಟರ್. ನಮ್ಮಲ್ಲಿ ಅವನೇ ನಾಯಕ. ಅವನ ತಂದೆ ತೀರಿಕೊಂಡಿದ್ದರು. ಮನೆಯಲ್ಲಿ ಮೂವರು ತಂಗಿಯರು. ತಂಡದ ಊಟದ ದುಡ್ಡು ನನ್ನ ಕೈಯಲ್ಲಿದ್ದರೂ ಅದರ ಲೆಕ್ಕ ಅವನ ತಲೆಯಲ್ಲಿತ್ತು. ಖಾನಾವಳಿಯಲ್ಲಿ ಯಾರಿಗೆ ಎಷ್ಟು ರೊಟ್ಟಿ ಬೇಕೆಂದು ಅವರಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ಈ ಆಟದಲ್ಲಿ ಈಗ ಗಂಡಸರ ತೂಕಕ್ಕೆ 85 ಕಿಲೋ ಮಿತಿಯನ್ನು ಇಟ್ಟಿದ್ದಾರೆ. ನಮ್ಮ ಹುಡುಗರಿಗೆ ಮೇಲ್ಮಿತಿಯ ಭಯ ಯಾವ ಕಾಲಕ್ಕೂ ಇರಲಿಲ್ಲ.

ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಅದರ ನೂರು ಅಧ್ಯಾಯಗಳಲ್ಲಿ ಒಂದು ಮಲ್ಲವಿನೋದ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ಇವುಗಳಿಗೆ ತಕ್ಕಂತೆ ವಿಂಗಡಿಸಿ, ಅವರ ಸಾಧನೆ ಎಂಥದು, ಆಹಾರ ಎಂಥದು ಎಂಬುದನ್ನು ಆ ಅರಸು ಬರೆದಿಟ್ಟಿದ್ದಾನೆ. ನನ್ನ ಚೀಲದಲ್ಲಿದ್ದ ಮೂರು ಪುಸ್ತಕಗಳಲ್ಲಿ ಒಂದು ಆ ಗ್ರಂಥವನ್ನು ಕುರಿತು ನಾನು ಮಾಡಿಕೊಳ್ಳುತ್ತಿದ್ದ ಟಿಪ್ಪಣಿಯ ಪುಸ್ತಕ. ಎಂಟುನೂರು ವರ್ಷದ ಹಿಂದಿನ ಮಲ್ಲರು ಏನು ತಿನ್ನುತ್ತಿದ್ದರೆಂಬುದನ್ನು ಬಲ್ಲ ನನಗೆ, ನನ್ನ ಎದುರಿನ ಹುಡುಗರು ಮಧ್ಯಾಹ್ನ ಉಂಡಿದ್ದಾರೆಯೇ ಎಂಬುದನ್ನು ಕೇಳಬೇಕೆಂದು ತೋಚಿದ್ದು ಎರಡನೆಯ ದಿನ. ಈ ಟಿಪ್ಪಣಿಯ ಪುಸ್ತಕವನ್ನು ಕೇಳುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಸ್ತಾಪ ಬರುತ್ತದೆ.

ಇನ್ನು ಹೊರಗೆ ಕುಳಿತ ಐವರು. ಪ್ರೇಕ್ಷಕರು ಇವರನ್ನು ನೋಡುವುದೇ ಇಲ್ಲ. ನೀರು ತರುವವರು ಇವರು. ಮೊಣಕಾಲಿನ ಗಾಯಕ್ಕೆ ಅರಿಸಿನ ಒತ್ತುವವರು ಇವರು. ಇವರಿಗೆ ಇನ್ನೂ ಒಂದು ಕೆಲಸವುಂಟು. ಔಟಾದವರ ಸಾಲನ್ನು ಕಣ್ಣಿಟ್ಟು ಕಾಯುವುದು. ಅದನ್ನು ವಿವರಿಸಬೇಕಾದರೆ ಈ ಆಟದ ಅತ್ಯಂತ ಸೊಗಸಾದ ನಿಯಮವನ್ನು ಹೇಳಬೇಕಾಗುತ್ತದೆ.

ದಾಳಿಗಾರನು ಮುಟ್ಟಿದರೆ ಮುಟ್ಟಿಸಿಕೊಂಡವನು ಔಟು. ದಾಳಿಗಾರನೇ ಸಿಕ್ಕಿಬಿದ್ದರೆ ಅವನು ಔಟು. ಔಟಾದವನು ಹೊರಗೆ ಹೋಗಿ ಕುಳಿತುಕೊಳ್ಳುತ್ತಾನೆ. ಕ್ರಿಕೆಟ್ಟಿನಲ್ಲಿಯಾದರೆ ಅವನ ಕಥೆ ಅಲ್ಲಿಗೆ ಮುಗಿಯಿತು. ಇಲ್ಲಿ ಹಾಗಲ್ಲ. ಅವನ ಪಕ್ಷದವರು ಎದುರಾಳಿಗಳಲ್ಲಿ ಒಬ್ಬನನ್ನು ಔಟು ಮಾಡಿದರೆ ಇವನಿಗೆ ಜೀವ ಬರುತ್ತದೆ. ಎದ್ದು ಕಣಕ್ಕೆ ಬರುತ್ತಾನೆ. ಯಾರು ಮೊದಲು ಹೋದರೋ ಅವರೇ ಮೊದಲು ಬರಬೇಕು. ಏಳು ಮಂದಿಯೂ ಔಟಾದರೆ ಎದುರು ಪಕ್ಷಕ್ಕೆ ಎರಡು ಅಂಕ ಹೆಚ್ಚು. ಅದಕ್ಕೆ ಲೋನಾ ಎನ್ನುತ್ತಾರೆ. ಆಗ ಏಳೂ ಮಂದಿ ಒಟ್ಟಿಗೆ ಮರಳುತ್ತಾರೆ. ಹಳೆಯ ಕಾಲದಲ್ಲಿ ಇದರಲ್ಲಿ ಮೂರು ಪ್ರಭೇದಗಳಿದ್ದವು. ‘ಅಮರ್’ ಎಂಬುದರಲ್ಲಿ ಯಾರೂ ಹೊರಗೆ ಹೋಗುವಂತಿಲ್ಲ; ಅಂಕ ಮಾತ್ರ ಎಣಿಸುತ್ತಾರೆ. ‘ಗಾಮಿನಿ’ಯಲ್ಲಿ ಹೋದವನು ಹೋದ ಹಾಗೆಯೇ, ಇಡೀ ಪಕ್ಷ ಬೀಳುವವರೆಗೆ ಅವನಿಗೆ ಮರಳುವ ದಾರಿಯಿಲ್ಲ. ‘ಸಂಜೀವಿನಿ’ಯಲ್ಲಿ ಹೋದವನು ಬರುತ್ತಾನೆ. ಇಂದು ನಾವು ನೋಡುವ ಆಟ ಸಂಜೀವಿನಿಯ ಸಂತಾನ. ಹಾಗೆ ಬರಬೇಕಾದವನ ಸರದಿ ತಪ್ಪದಂತೆ ನೋಡಿಕೊಳ್ಳುವುದು ಹೊರಗಿನವರ ಹೊಣೆ. ನಮ್ಮ ಹನ್ನೆರಡನೆಯವನು ಇದಕ್ಕಾಗಿ ಬೊಗಸೆಯಲ್ಲಿ ಸಣ್ಣ ಕಲ್ಲುಗಳನ್ನು ಇಟ್ಟುಕೊಂಡು ಒಂದೊಂದಾಗಿ ಸಾಲಿಗೆ ಜೋಡಿಸುತ್ತಿದ್ದ.

ಹುಮನಾಬಾದಿನಲ್ಲಿ ನಾವು ಮೂರು ಪಂದ್ಯ ಆಡಿ ಎರಡನ್ನು ಗೆದ್ದೆವು. ಮೂರನೆಯದರಲ್ಲಿ ಒಂದು ಅಂಕದಿಂದ ಸೋತೆವು. ಸೋತ ರಾತ್ರಿ ಧರ್ಮಶಾಲೆಯಲ್ಲಿ ಯಾರೂ ಮಾತನಾಡಲಿಲ್ಲ. ಎಡಮೂಲೆಯವನು ಮಾತ್ರ ಎದ್ದು ಹೊರಗೆ ಹೋಗಿ, ಎಲ್ಲರ ಬನಿಯನ್ನುಗಳನ್ನು ಒಗೆದು ಹರವಿ ಬಂದ. ಬೆಳಿಗ್ಗೆ ನಾನು ಎದ್ದು ನೋಡಿದಾಗ ನನ್ನ ಅಂಗಿಯೂ ಆ ಸಾಲಿನಲ್ಲಿತ್ತು.

ಇನ್ನು ನನ್ನ ತಪ್ಪಿನ ವಿಚಾರ. ಪ್ರವಾಸಕ್ಕೆ ಹೋದ ದಿನಗಳನ್ನು ಹಾಜರಿಯೆಂದು ಪರಿಗಣಿಸಬೇಕಾದರೆ ವ್ಯವಸ್ಥಾಪಕನು ಒಂದು ಪತ್ರ ಬರೆದು ಕಚೇರಿಗೆ ಕೊಡಬೇಕು. ಹಿಂದಿರುಗಿದ ರಾತ್ರಿಯೇ ನಾನು ಆ ಪತ್ರವನ್ನು ಬರೆದೆ. ಹನ್ನೆರಡು ಹೆಸರುಗಳನ್ನೂ ಅಂದವಾಗಿ ಬರೆದು ಸಹಿ ಮಾಡಿದೆ. ನಾಳೆ ಕೊಟ್ಟರಾಯಿತೆಂದು ಕೈಗೆ ಸಿಕ್ಕ ಪುಸ್ತಕದಲ್ಲಿ ಇಟ್ಟೆ. ಮರುದಿನದಿಂದ ಒಂದು ವಿಚಾರಗೋಷ್ಠಿಯ ಪ್ರಬಂಧದ ಗಡಿಬಿಡಿ ಹತ್ತಿತು. ಪತ್ರವನ್ನು ಕೊಟ್ಟೆನೆಂದೇ ನನ್ನ ಮನಸ್ಸು ನಂಬಿತು. ಮಾರ್ಚಿನಲ್ಲಿ ಹಾಜರಿ ಕಡಿಮೆಯಾದವರ ಪಟ್ಟಿ ಗೋಡೆಗೆ ಬಂತು. ಹನ್ನೊಂದು ಮಂದಿ ಹೇಗೋ ಪಾರಾಗಿದ್ದರು. ಎಡಮೂಲೆಯವನ ಹೆಸರು ಪಟ್ಟಿಯಲ್ಲಿತ್ತು. ಅವನಿಗೆ ಕಡಿಮೆಯಾದದ್ದು ಎರಡು ದಿನ.

ಅವನು ನಮ್ಮ ಕೊಠಡಿಯ ಬಾಗಿಲಿನ ಹೊರಗೆ ಬಂದು ನಿಂತ. ಏನೂ ಕೇಳಲಿಲ್ಲ. ಕೇಳಿದ್ದರೆ ನನಗೆ ನೆನಪಾಗುತ್ತಿತ್ತೇನೋ. ‘ಏನಪ್ಪಾ’ ಎಂದೆ. ‘ಏನಿಲ್ರಿ ಸರ್’ ಎಂದ. ‘ಮೊದಲಿನಿಂದ ತರಗತಿಗೆ ಸರಿಯಾಗಿ ಬಂದಿದ್ದರೆ ಹೀಗಾಗುತ್ತಿರಲಿಲ್ಲ. ನಿಯಮ ನಿಯಮವೇ’ ಎಂದು ನಾಲ್ಕು ಜನರ ಎದುರಿಗೆ ಬುದ್ಧಿವಾದ ಹೇಳಿದೆ. ‘ಹೌದ್ರಿ’ ಎಂದು ಹೊರಟುಹೋದ. ಆ ವರ್ಷ ಅವನು ಪರೀಕ್ಷೆಗೆ ಕೂರಲಿಲ್ಲ. ಜೂನಿನಲ್ಲಿ ‘ಮಾನಸೋಲ್ಲಾಸ’ದ ಟಿಪ್ಪಣಿಯ ಪುಸ್ತಕವನ್ನು ತೆರೆದಾಗ ಆ ಪತ್ರ ನನ್ನ ತೊಡೆಯ ಮೇಲೆ ಬಿತ್ತು. ಮಲ್ಲವಿನೋದದ ಪುಟಗಳ ನಡುವೆಯೇ ಇತ್ತು. ವಿಚಾರಿಸಿದೆ, ಹುಡುಗ ಕೂಲಿಗೆಂದು ಹೈದರಾಬಾದಿಗೆ ಹೋಗಿದ್ದಾನೆಂದರು. ನಮ್ಮ ಸೀಮೆಯ ಹುಡುಗರು ಹೈದರಾಬಾದಿಗೋ ಪುಣೆಗೋ ಹೋದರೆ ಹಿಂದಿರುಗುವ ದಿನ ಇಂಥದೆಂದು ಹೇಳುವಂತಿಲ್ಲ. ಪತ್ರವನ್ನು ನಾನು ಹರಿಯಲಿಲ್ಲ. ಯಾರಿಗೂ ತೋರಿಸಲೂ ಇಲ್ಲ. ಮತ್ತೆ ಅದೇ ಪುಸ್ತಕದಲ್ಲಿ ಇಟ್ಟೆ. ಆ ವರ್ಷದ ಏಷ್ಯನ್ ಕ್ರೀಡೆಗಳಲ್ಲಿ ಕಬಡ್ಡಿಗೆ ಚಿನ್ನ ಬಂದ ವಾರ್ತೆಯನ್ನು ನಾನು ರೇಡಿಯೋದಲ್ಲಿ ಕೇಳಿ, ಎದ್ದು ಹೋಗಿ ರೇಡಿಯೋವನ್ನು ಆರಿಸಿದೆ.

ಸಂಜೀವಿನಿಯ ಆಟವನ್ನು ಮೈದಾನದಲ್ಲಿ ಕಲಿತುಬಂದವನು ನಾನು. ಆದರೆ ನನ್ನ ಹಾಜರಿ ಪುಸ್ತಕದಲ್ಲಿ ಆಡಿದ್ದು ಗಾಮಿನಿಯನ್ನು. ಹೋದವನ ಸರದಿಯನ್ನು ಕಾಯಲು ಹನ್ನೆರಡನೆಯವನು ಕಲ್ಲು ಜೋಡಿಸುತ್ತಿದ್ದನಷ್ಟೆ. ಆ ಕಲ್ಲನ್ನು ಜೇಬಿನಲ್ಲಿ ಇಟ್ಟುಕೊಂಡು ಮರೆತವನು ನಾನು.

ಮೂವತ್ತಮೂರು ವರ್ಷ ಕಳೆದವು. 2023ರ ಅಕ್ಟೋಬರ್ 7ರಂದು, ಮಧ್ಯಾಹ್ನ, ಹುಮನಾಬಾದಿನ ಸಮೀಪ ಹೆದ್ದಾರಿಯಲ್ಲಿ ನಾನು ಕುಳಿತಿದ್ದ ಕಾರಿನ ಚಕ್ರ ಪಂಕ್ಚರಾಯಿತು. ಟೈರಿನ ಅಂಗಡಿಯೊಂದರ ಮುಂದೆ ಕೆಲಸದ ಹುಡುಗರೆಲ್ಲ ಒಂದು ಮೊಬೈಲಿನ ಸುತ್ತ ಗುಂಪಾಗಿದ್ದರು. ಹಾಂಗ್‌ಝೌನ ಏಷ್ಯನ್ ಕ್ರೀಡೆಗಳಲ್ಲಿ ಭಾರತಕ್ಕೂ ಇರಾನಿಗೂ ಅಂತಿಮ ಪಂದ್ಯ. 2018ರ ಜಕಾರ್ತದಲ್ಲಿ ಪುರುಷರ, ಮಹಿಳೆಯರ ಎರಡೂ ಚಿನ್ನಗಳನ್ನು ಇರಾನಿನವರು ಒಯ್ದಿದ್ದರಾದ್ದರಿಂದ ಎಲ್ಲರಿಗೂ ಆತಂಕ. ಎರಡೂ ಪಕ್ಷಗಳು 28 ಅಂಕಗಳಲ್ಲಿ ಸಮನಾಗಿದ್ದಾಗ, ಕೊನೆಯ ನಿಮಿಷಗಳಲ್ಲಿ, ನಮ್ಮ ನಾಯಕ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಅಂಕಣದ ಅಂಚಿನ ಪಟ್ಟಿಗೆ ಕಾಲಿಟ್ಟರು. ಅವರನ್ನು ಹಿಡಿಯಲು ಇರಾನಿನ ರಕ್ಷಕರೂ ಆ ಪಟ್ಟಿಗೆ ಇಳಿದರು. ಅಂಕ ಯಾರಿಗೆ? ಸುಮಾರು ಒಂದು ಗಂಟೆಯ ಕಾಲ ಆಟ ನಿಂತಿತು.

ಅಂಗಡಿಯ ಯಜಮಾನ, ಐವತ್ತು ದಾಟಿದವನು, ಕೈಗೆ ಅಂಟಿದ ಗ್ರೀಸನ್ನು ಒರೆಸಿಕೊಳ್ಳುತ್ತ ಹುಡುಗರಿಗೆ ವಿವರಿಸುತ್ತಿದ್ದ: ಪಕ್ಕದ ಒಂದು ಮೀಟರಿನ ಪಟ್ಟಿ ಅಂಕಣಕ್ಕೆ ಸೇರುವುದು ಮುಟ್ಟಾಟ ನಡೆದ ಮೇಲೆಯೇ, ಮುಟ್ಟದೆ ಅಲ್ಲಿ ಕಾಲಿಟ್ಟವನು ಹೊರಗೆ ಹೋದಂತೆ, ಅವನ ಬೆನ್ನಟ್ಟಿ ಇಳಿದವರ ಗತಿಯೇನೆಂಬುದೇ ತಕರಾರು. ಧ್ವನಿಯನ್ನು ಕೇಳಿ ನಾನು ಮುಖ ನೋಡಿದೆ. ಅವನು ನನಗಿಂತ ಮೊದಲೇ ಗುರುತಿಸಿದ್ದ. ‘ಬರ್ರಿ ಸರ್’ ಎಂದು ಸ್ಟೂಲನ್ನು ಒರೆಸಿದ. ಅದೇ ಎಡಮೂಲೆಯವನು; ಹಿಂದೆ ಸರಿದೇ ನಿಂತಿದ್ದ. ಹೈದರಾಬಾದಿನಲ್ಲಿ ಹನ್ನೆರಡು ವರ್ಷ ದುಡಿದು ಬಂದು ಅಂಗಡಿ ಹಾಕಿದ್ದನಂತೆ.

ಆಟ ಮತ್ತೆ ಆರಂಭವಾಗಿ ಭಾರತ 33ಕ್ಕೆ 29ರಿಂದ ಗೆದ್ದಿತು. ಹುಡುಗರು ಕೂಗಾಡುತ್ತಿದ್ದಾಗ, ಆ ಗದ್ದಲದ ಮರೆಯಲ್ಲಿ, ನಾನು ಪತ್ರದ ವಿಚಾರವನ್ನು ಹೇಳಿದೆ. ಹೇಳಲು ಎರಡು ನಿಮಿಷ ಸಾಕಾದವು. ಮೂವತ್ತಮೂರು ವರ್ಷ ಹೊತ್ತ ಮಾತು ಎರಡು ನಿಮಿಷದ್ದೆಂದು ನನಗೆ ಆಗಲೇ ತಿಳಿದದ್ದು. ಅವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಏಳುವುದನ್ನು ನೋಡುತ್ತಿದ್ದ. ಆಮೇಲೆ ಹೇಳಿದ: ‘ಆ ವರ್ಷ ನಾ ಪರೀಕ್ಷಾ ಫೀನೇ ಕಟ್ಟಿದ್ದಿಲ್ರಿ ಸರ್. ನಿಮ್ಮ ಪತ್ರ ಬಂದಿದ್ರೂ ಅಷ್ಟೇ, ಬರದಿದ್ರೂ ಅಷ್ಟೇ.’

ಇದು ನಿಜವೋ, ಮುದುಕನೊಬ್ಬನ ಮೇಲೆ ತೋರಿಸಿದ ಕರುಣೆಯೋ, ನನಗೆ ತಿಳಿಯಲಿಲ್ಲ. ಎಡಮೂಲೆಯವನ ಕೈ ಯಾವಾಗ, ಎಲ್ಲಿ ಬೀಳುವುದೆಂದು ಎದುರಿಗಿದ್ದವನಿಗೆ ತಿಳಿಯುವುದೇ ಇಲ್ಲವಷ್ಟೆ. ಕಾಲೇಜಿಗೆ ಹೋಗಿ ಆ ವರ್ಷದ ಶುಲ್ಕದ ದಾಖಲೆಯನ್ನು ತೆಗೆಸಿ ನೋಡಬಹುದಾಗಿತ್ತು. ಈವರೆಗೆ ನಾನು ಹೋಗಿಲ್ಲ.

ನಾನು ಮಾತು ಬದಲಿಸಲು, ‘ಉಳಿದವರೆಲ್ಲ ಎಲ್ಲಿದ್ದಾರೆ?’ ಎಂದೆ. ಅವನು ಬಲಮೂಲೆಯಿಂದ ಆರಂಭಿಸಿದ. ಬಲಮೂಲೆ ಹೊಲದಲ್ಲಿಯೇ ಇದ್ದಾನೆ. ಬಲ ಇನ್ನಿನ ಎತ್ತರದವನು ಪೊಲೀಸಿನಲ್ಲಿದ್ದು ನಿವೃತ್ತಿಯ ಹೊಸ್ತಿಲಲ್ಲಿದ್ದಾನೆ. ಕವರಿನವರಲ್ಲಿ ಒಬ್ಬ ಸೋಲಾಪುರದಲ್ಲಿ, ಒಬ್ಬ ಕಲ್ಯಾಣದಲ್ಲಿ. ಮಕ್ಕಳ ಮದುವೆಗಳಿಗೆ ಇಬ್ಬರೂ ಹೋಗಿಬರುತ್ತಾರೆ. ನಾಯಕ ಮೂವರು ತಂಗಿಯರ ಮದುವೆ ಮಾಡಿ ತಾನು ತಡವಾಗಿ ಮಾಡಿಕೊಂಡ. ಎಡ ಇನ್ನಿನ ತಾಂಡಾದ ಹುಡುಗ ತೀರಿಹೋದ. ಅವನ ಮಗನೇ ಇಲ್ಲಿ ನೋಡ್ರಿ, ಜಾಕು ಹಿಡಿದಿದ್ದಾನೆ. ಅನಂತರ ಹೊರಗೆ ಕುಳಿತಿದ್ದ ಐವರು, ಒಬ್ಬೊಬ್ಬರಾಗಿ. ಕಲ್ಲು ಜೋಡಿಸುತ್ತಿದ್ದವನು ಹಳ್ಳಿಯ ಶಾಲೆಯಲ್ಲಿ ಗಣಿತದ ಮೇಷ್ಟರು. ಹನ್ನೊಂದು ಮಂದಿಯ ಸುದ್ದಿಯನ್ನೂ ನಿಂತ ಸರದಿಯಲ್ಲಿಯೇ, ಒಬ್ಬರನ್ನೂ ಬಿಡದೆ ಹೇಳಿದ. ಪರಿಚಯವೆಂದರೆ ಇದು. ನನ್ನದು ನಾಲ್ಕು ದಿನದ ಬಲ್ಲವಿಕೆ ಮಾತ್ರ.

ಚಕ್ರ ಸಿದ್ಧವಾಯಿತು. ನಾನು ಹೆಚ್ಚು ಹಣ ಕೊಡಲು ಹೋದೆ. ಅವನು ಪಂಕ್ಚರಿನ ದುಡ್ಡನ್ನು ಮಾತ್ರ ಇಟ್ಟುಕೊಂಡು ಉಳಿದ ಚಿಲ್ಲರೆಯನ್ನು ಎಣಿಸಿ ನನ್ನ ಅಂಗೈಯಲ್ಲಿಟ್ಟ. ಆ ಪತ್ರ ಈಗಲೂ ನನ್ನ ಬಳಿ ಇದೆ. ಹನ್ನೆರಡು ಹೆಸರುಗಳ ಶಾಯಿ ಸ್ವಲ್ಪ ಮಾಸಿದೆ. ಓದಲು ತೊಂದರೆಯೇನೂ ಇಲ್ಲ.